ಒತ್ತುವುದು, ಬಿಡುವುದು

ಒತ್ತಡ ಬೀಳದೆ ಇದ್ದಿಲು ವಜ್ರವಾಗುವುದಿಲ್ಲ. ಎಸ್ಸೆಸ್ಸೆಲ್ಸಿಗೆ ಬಂದಂದಿನಿಂದ ಈ ಮಾತನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಬೀಳ್ಕೊಡುಗೆ ಸಮಾರಂಭದಲ್ಲಿ ಕೇಳಿದ್ದೇವೆ, ಪಾಲಕರ ಸಭೆಯಲ್ಲಿ ಕೇಳಿದ್ದೇವೆ, ನೆಂಟರ ಮದುವೆಯಲ್ಲಿ ಊಟಕ್ಕೆ ಕೂತಾಗಲೂ ಕೇಳಿದ್ದೇವೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ದ್ವಿತೀಯ ಪಿಯುಸಿಗೆ ಬಂದ ಮೇಲಂತೂ, ಬೋರ್ಡ್ ಪರೀಕ್ಷೆ ಒಂದು ಕಡೆ, ಸಿಇಟಿ, ನೀಟ್ ಇನ್ನೊಂದು ಕಡೆ ನಿಂತಿರುವಾಗ, ವಾರಕ್ಕೊಮ್ಮೆಯಾದರೂ ಈ ಮಾತು ಕಿವಿಗೆ ಬೀಳುತ್ತದೆ.

ವಿಜ್ಞಾನ ಓದುವವರು ನಾವು. ಒಂದು ಮಾತು ಎಷ್ಟು ನಿಜ ಎಂದು ನೋಡುವುದು ನಮ್ಮ ಕೆಲಸವೇ. ಅದಕ್ಕೆ ಲೈಬ್ರರಿಯಲ್ಲಿ ಕೂತು ವಜ್ರದ ಬಗ್ಗೆ ಓದಿದೆ. ವಜ್ರ ಹುಟ್ಟುವುದು ನೆಲದಿಂದ ಸುಮಾರು 150 ಕಿಲೋಮೀಟರ್ ಆಳದಲ್ಲಿ. ಅಲ್ಲಿಯ ಒತ್ತಡ ನಮ್ಮ ಮೇಲಿರುವ ಗಾಳಿಯ ಒತ್ತಡದ 45,000 ಪಟ್ಟಿಗೂ ಮಿಕ್ಕಿದ್ದು, ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಇನ್ನೊಂದು ಸಂಗತಿ ಏನೆಂದರೆ ವಜ್ರ ಇದ್ದಿಲಿನಿಂದ ಆದದ್ದೇ ಅಲ್ಲ. ಕಲ್ಲಿದ್ದಲು ಗಿಡಮರಗಳಿಂದ ಆಗುವಂಥದು. ಹೆಚ್ಚಿನ ವಜ್ರಗಳಿಗೆ ನೂರು ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಆಗ ನೆಲದ ಮೇಲೆ ಗಿಡಮರಗಳೇ ಇರಲಿಲ್ಲ. ನಮ್ಮ ಬಳ್ಳಾರಿಯ ಗಡಿಯಾಚೆ, ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ವಜ್ರ ಸಿಗುವುದು ಕಿಂಬರ್ಲೈಟ್ ಎಂಬ ಶಿಲೆಯಲ್ಲಿ. ಆಳದಿಂದ ರಭಸವಾಗಿ ಉಕ್ಕಿ ಬಂದ ಆ ಶಿಲೆ ವಜ್ರವನ್ನು ಮೇಲಕ್ಕೆ ಹೊತ್ತು ತಂದಿತು.

ಈ ವರ್ಷ ಕಂಪ್ರೆಶನ್ ಎಂಬ ಶಬ್ದ, ಅಂದರೆ ನಮ್ಮ ಪಠ್ಯಪುಸ್ತಕದ ಸಂಪೀಡನ, ಮೂರು ಬೇರೆ ಬೇರೆ ಕಡೆ ನನ್ನ ಕಿವಿಗೆ ಬಿತ್ತು. ಮಾವನ ಗ್ಯಾರೇಜಿನಲ್ಲಿ ಒಂದು, ಹೊಳನಗದ್ದೆಯ ನಮ್ಮ ಮನೆಗೆ ಹೊಸ ಕೋಣೆ ಕಟ್ಟಿಸುವಾಗ ಒಂದು, ಅಜ್ಜಿಯ ಮಂಡಿಯ ಎಕ್ಸ್‌ರೇ ನೋಡಿದ ಡಾಕ್ಟರ ಬಾಯಲ್ಲಿ ಒಂದು. ವಜ್ರಕ್ಕಿಂತ ಈ ಮೂರು ನಮಗೆ ಹತ್ತಿರದವು. ಅವುಗಳಿಂದ ನಾನು ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಮಾವ ಬೋಟಿನ ಡೀಸೆಲ್ ಇಂಜಿನ್ ರಿಪೇರಿ ಮಾಡುವವರು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆ ಎರಡು ತಿಂಗಳು ಅವರಿಗೆ ಉಸಿರಾಡಲಿಕ್ಕೂ ಪುರುಸೊತ್ತಿರುವುದಿಲ್ಲ. ಆಗಸ್ಟ್ 1ಕ್ಕೆ ಬೋಟು ನೀರಿಗಿಳಿಯಬೇಕು. ಇಳಿಯದಿದ್ದರೆ ಬೋಟಿನ ಧನಿಯಿಂದ ಹಿಡಿದು ಬಲೆ ಎಳೆಯುವವರ ವರೆಗೆ ಎಲ್ಲರ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ. ಈ ಸಲ ಬಂದ ಒಂದು ಇಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಆದ ಮೇಲೂ ಬಿಳಿ ಹೊಗೆ. ಮಾವ ಹೊಗೆಯನ್ನು ನೋಡಿಯೇ ಹೇಳಿದರು: "ಕಂಪ್ರೆಶನ್ ಹೋಗಿದೆ. ಇದು ಡೀಸೆಲ್ ಸುಡೂದಲ್ಲ ತಂಗಿ, ದುಡ್ಡು ಸುಡೂದು."

ಪೆಟ್ರೋಲ್ ಇಂಜಿನ್ನಿನಲ್ಲಿ ಬೆಂಕಿ ಹಚ್ಚಲು ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್ ಇಂಜಿನ್ನಿನಲ್ಲಿ ಅದು ಇಲ್ಲ. ಸಿಲಿಂಡರಿನೊಳಗೆ ಬರೀ ಗಾಳಿಯನ್ನು ಎಳೆದುಕೊಂಡು, ಪಿಸ್ಟನ್ ಅದನ್ನು ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಪ್ರಥಮ ಪಿಯುಸಿಯಲ್ಲಿ ನಾವು ಓದಿದ ಅಡಿಯಬ್ಯಾಟಿಕ್ ಸೂತ್ರವನ್ನೇ ಹಾಕಿ ನೋಡಿದೆ. 27 ಡಿಗ್ರಿಯ ಗಾಳಿಯನ್ನು ಹದಿನೆಂಟು ಪಟ್ಟು ಒತ್ತಿದರೆ ಅದರ ಉಷ್ಣತೆ 680 ಡಿಗ್ರಿ ಸೆಲ್ಸಿಯಸ್ ಆಗಬೇಕು. ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸು ಸಾಕು. ಹಾಗಾಗಿ ಆ ಬಿಸಿ ಗಾಳಿಗೆ ಡೀಸೆಲನ್ನು ಚಿಮುಕಿಸಿದ ಕೂಡಲೇ ಅದು ಉರಿಯುತ್ತದೆ. ರುಡಾಲ್ಫ್ ಡೀಸೆಲ್ ಇಂಥ ಇಂಜಿನ್ನನ್ನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದಾಗ ಅದು ಇಂಧನದ ಶಕ್ತಿಯಲ್ಲಿ ನೂರಕ್ಕೆ 26ರಷ್ಟನ್ನು ಕೆಲಸವಾಗಿ ಮಾರ್ಪಡಿಸಿತು. ಆ ಕಾಲದ ಉಗಿ ಯಂತ್ರಗಳು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಅದೇ ಸೂತ್ರದಿಂದ ಒತ್ತಡವನ್ನೂ ಲೆಕ್ಕ ಮಾಡಿದೆ. 57 ವಾತಾವರಣ ಎಂದು ಬಂತು. ಮಾವ ನಾಝಲ್ ಬಿಚ್ಚಿ, ಆ ತೂತಿಗೆ ಗೇಜ್ ಕೂರಿಸಿ ಇಂಜಿನ್ ತಿರುಗಿಸಿದರು. ಒಳ್ಳೆಯ ಸಿಲಿಂಡರಿನಲ್ಲೇ ಮುಳ್ಳು 30ರ ಹತ್ತಿರ ನಿಂತಿತು. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದೆ. ಮಾವ ನಕ್ಕು ಒಂದೊಂದಾಗಿ ಹೇಳಿದರು. ಸ್ಟಾರ್ಟರ್ ತಿರುಗಿಸುವ ವೇಗ ಕಡಿಮೆ, ಅಷ್ಟರಲ್ಲಿ ತಣ್ಣಗಿನ ಸಿಲಿಂಡರ್ ಬಿಸಿಯನ್ನು ಎಳೆದುಕೊಳ್ಳುತ್ತದೆ. ಪಿಸ್ಟನ್ ಮೇಲೇರಲು ಶುರು ಮಾಡಿದ ಮೇಲೆ ಒಳಬರುವ ವಾಲ್ವ್ ಮುಚ್ಚುತ್ತದೆ, ಅಲ್ಲಿಯೂ ಸ್ವಲ್ಪ ಗಾಳಿ ಹೊರಗೆ. ರಿಂಗಿನ ಸಂದಿಯಲ್ಲಿ ಇನ್ನಷ್ಟು. ಪುಸ್ತಕದ ಸೂತ್ರದಲ್ಲಿ ಸೋರಿಕೆ ಇಲ್ಲ, ಇಂಜಿನ್ನಿನಲ್ಲಿ ಇದೆ. ಕೆಟ್ಟ ಸಿಲಿಂಡರಿನಲ್ಲಂತೂ ರಿಂಗ್ ಮತ್ತು ಲೈನರ್ ಎರಡೂ ಸವೆದು ಮುಳ್ಳು ತೀರಾ ಕೆಳಗಿತ್ತು.

ಗ್ಯಾರೇಜಿನ ಮೂಲೆಯಲ್ಲಿ ನಮ್ಮ ಅಜ್ಜನ ಕಾಲದ ಒಂದು ಪಂಪ್‌ಸೆಟ್ ಇಂಜಿನ್ ಇದೆ. ಕೈಯಿಂದ ಹ್ಯಾಂಡಲ್ ಹಾಕಿ ತಿರುಗಿಸುವಂಥದು. ಅದರ ತಲೆಯ ಮೇಲೆ ಚಿಕ್ಕದೊಂದು ಲಿವರ್ ಇದೆ. ಅದನ್ನು ಎತ್ತಿದರೆ ವಾಲ್ವ್ ತೆರೆದೇ ಉಳಿದು, ಗಾಳಿ ಒತ್ತಿಕೊಳ್ಳದೆ ಹೊರಗೆ ಹೋಗುತ್ತದೆ. ಲಿವರ್ ಎತ್ತದೆ ಹ್ಯಾಂಡಲ್ ತಿರುಗಿಸಲು ನೋಡಿದರೆ ಎಂಥ ಗಟ್ಟಿ ಆಳಿಗೂ ಆಗುವುದಿಲ್ಲ. ಮೇಲಿಂದ ಹ್ಯಾಂಡಲ್ ತಿರುಗಿ ಕೈಗೆ ಬಡಿಯುವ ಭಯ. ಲಿವರ್ ಎತ್ತಿ, ನಾಲ್ಕು ಸುತ್ತು ಸಲೀಸಾಗಿ ತಿರುಗಿಸಿ, ಭಾರದ ಚಕ್ರಕ್ಕೆ ವೇಗ ಬಂದ ಮೇಲೆ ಲಿವರ್ ಬಿಟ್ಟರೆ ಇಂಜಿನ್ ಹಿಡಿದುಕೊಳ್ಳುತ್ತದೆ. ಹೊಳನಗದ್ದೆಯ ಗದ್ದೆಗಳಲ್ಲಿ ಕೆಲಸ ಮಾಡಿದ ಹಿರಿಯರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಒತ್ತಡದಿಂದಲೇ ನಡೆಯುವ ಯಂತ್ರಕ್ಕೂ ಮೊದಲ ಕೆಲವು ಸುತ್ತು ಒತ್ತಡವಿಲ್ಲದೆ ಬೇಕು ಎಂಬುದನ್ನು ಅದನ್ನು ಮಾಡಿದವರು ತಿಳಿದಿದ್ದರು.

ಒತ್ತಿದಷ್ಟೂ ಒಳ್ಳೆಯದೇ ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹುಡುಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದ್ದರು. ಕಟ್ಟಿಗೆ, ತೆಂಗಿನ ಚಿಪ್ಪಿನಂಥವನ್ನು ಕಡಿಮೆ ಗಾಳಿಯಲ್ಲಿ ಸುಟ್ಟರೆ ಬರುವ ಪ್ರೊಡ್ಯೂಸರ್ ಗ್ಯಾಸಿನಿಂದ ಇಂಜಿನ್ ಓಡಿಸಬಹುದು. ಅದನ್ನು ಸುಮಾರು 12 ಪಟ್ಟಿಗಿಂತ ಹೆಚ್ಚು ಒತ್ತಿದರೆ ಕಾಲಕ್ಕೆ ಮೊದಲೇ ಹೊತ್ತಿಕೊಂಡು ಇಂಜಿನ್ ಬಡಿಯಲು ಶುರು ಮಾಡುತ್ತದೆ ಎಂದು ಎಲ್ಲರೂ ನಂಬಿದ್ದರು. ಈ ಬಡಿತಕ್ಕೆ ನಾಕಿಂಗ್ ಎನ್ನುತ್ತಾರೆ, ಅದು ಪಿಸ್ಟನ್ನನ್ನೇ ತಿನ್ನುತ್ತದೆ. ಜಿ. ಶ್ರೀಧರ್, ಪಿ.ಜೆ. ಪಾಲ್ ಮತ್ತು ಎಚ್.ಎಸ್. ಮುಕುಂದ ಅವರು ಒಂದು ಡೀಸೆಲ್ ಇಂಜಿನ್ನನ್ನು ಸ್ಪಾರ್ಕ್ ಪ್ಲಗ್ಗಿಗೆ ಮಾರ್ಪಡಿಸಿ, 17 ಪಟ್ಟು ಒತ್ತಿ ಓಡಿಸಿದರು. ಅದು ಬಡಿಯದೆ ಓಡಿತು. 2001ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಪೆಟ್ರೋಲನ್ನು ಅಷ್ಟು ಒತ್ತಿದರೆ ನಡೆಯುವುದಿಲ್ಲ. ಯಾವ ಇಂಧನ ಎಷ್ಟು ತಡೆಯುತ್ತದೆ ಎಂಬುದು ಆ ಇಂಧನದ ಗುಣ. ಅದನ್ನು ಅಳೆದು ನೋಡಿ ತಿಳಿಯಬೇಕೇ ಹೊರತು ಪಕ್ಕದ ಇಂಜಿನ್ ನೋಡಿ ಹೇಳಲಾಗದು.

ಇನ್ನು ಮನೆಯ ವಿಷಯ. ಅಜ್ಜಿಗೆ ಮೆಟ್ಟಿಲು ಹತ್ತಲು ಆಗದು ಎಂದಾದ ಮೇಲೆ ಅಪ್ಪ ಅಂಗಳದ ಬದಿಗೆ ಒಂದು ಕೋಣೆ ಕಟ್ಟಿಸಿದರು. ನಮ್ಮ ಕಡೆ ಗೋಡೆ ಎಂದರೆ ಚಿರೆಕಲ್ಲು. ಕುಮಟಾದಿಂದ ಸ್ವಲ್ಪ ದೂರದ ಮಿರ್ಜಾನ್ ಕೋಟೆ ಕೂಡ ಇದೇ ಕಲ್ಲಿನದು. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಅವನು ಬರೆದ ಪುಸ್ತಕ 1807ರಲ್ಲಿ ಬಂತು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಶಬ್ದದಿಂದ ಆ ಹೆಸರು. ನೆಲದೊಳಗೆ ಇರುವಾಗ ಕಡಿಯಲು ಬರುವಷ್ಟು ಮೆತ್ತಗೆ, ಹೊರಗೆ ತೆಗೆದು ಗಾಳಿ ಬಿಸಿಲಿಗೆ ಇಟ್ಟ ಮೇಲೆ ಗಟ್ಟಿ. ಮೇಸ್ತ್ರಿಗಳು ಕಲ್ಲು ತಂದ ದಿನವೇ ಕಟ್ಟದೆ ಬಿಸಿಲಿಗೆ ಬಿಡುವುದು ಇದಕ್ಕೇ.

ನಮ್ಮ ದೇಶದ ಮಾನಕದ ಪ್ರಕಾರ ಕಟ್ಟಡಕ್ಕೆ ಬಳಸುವ ಚಿರೆಕಲ್ಲು ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಡೆಯಬೇಕು. ಚಿಕ್ಕ ಸಂಖ್ಯೆ ಎನಿಸುತ್ತದೆ. ಆದರೆ 39 ಸೆಂಟಿಮೀಟರ್ ಉದ್ದ, 19 ಸೆಂಟಿಮೀಟರ್ ಅಗಲದ ಕಲ್ಲಿನ ಇಡೀ ಮೇಲ್ಮೈಗೆ ಲೆಕ್ಕ ಹಾಕಿದರೆ ಅದು 26 ಟನ್ ಆಗುತ್ತದೆ. ನಾವು ಕಾಲೇಜಿಗೆ ಜೋತು ಬೀಳುವ ಬಸ್ಸು, ನಮ್ಮೆಲ್ಲರನ್ನೂ ಸೇರಿಸಿ, ಅಷ್ಟು ತೂಗಲಾರದು. ಅಷ್ಟು ತಡೆಯುವ ಕಲ್ಲನ್ನು ನಮ್ಮ ಮೇಸ್ತ್ರಿ ಉಳಿಯಿಟ್ಟು ನಾಲ್ಕು ಪೆಟ್ಟಿಗೆ ಎರಡು ತುಂಡು ಮಾಡುತ್ತಾರೆ. ಒತ್ತಿದರೆ ತಡೆಯುವ ಕಲ್ಲು ಎಳೆದರೆ, ಬಗ್ಗಿಸಿದರೆ ತಡೆಯುವುದಿಲ್ಲ. ಕಾಂಕ್ರೀಟೂ ಹಾಗೆಯೇ. ಒತ್ತಡಕ್ಕೆ ತೋರಿಸುವ ಬಲದಲ್ಲಿ ಹತ್ತನೇ ಒಂದು ಪಾಲಿನಷ್ಟೇ ಅದು ಎಳೆತಕ್ಕೆ ತೋರಿಸುವುದು. ಬಾಗಿಲಿನ ಮೇಲಿನ ಲಿಂಟಲ್‌ಗೆ ಕಬ್ಬಿಣದ ಸರಳು ಹಾಕುವುದು ಆ ಎಳೆತವನ್ನು ಹೊರಲಿಕ್ಕೆ. ಹಳೆಯ ಕಾಲದವರು ಸರಳಿಲ್ಲದೆ ಕಮಾನು ಕಟ್ಟುತ್ತಿದ್ದರು. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತಿ ಹಿಡಿಯುತ್ತದೆ, ಯಾವುದನ್ನೂ ಯಾರೂ ಎಳೆಯುವುದಿಲ್ಲ.

ನೀರು ಕುಡಿದ ಚಿರೆಕಲ್ಲಿನ ಬಲ ಇಳಿಯುತ್ತದೆ. ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಮಾಡಿನ ಇಳಿಜಾರು ಗೋಡೆಯಿಂದ ಆಚೆಗೆ ಚಾಚಿರುವುದು ಚೆಂದಕ್ಕಲ್ಲ. ಮಣ್ಣನ್ನೇ ಒತ್ತಿ ಗಟ್ಟಿ ಮಾಡುವ ಕೆಲಸವನ್ನೂ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ್ದಾರೆ. ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಅಲ್ಲಿ ಅಸ್ತ್ರ ಎಂಬ ಕೇಂದ್ರ ಆರಂಭಿಸಿದರು, ಹಳ್ಳಿಗಳಿಗೆ ಆಗುವ ತಂತ್ರಜ್ಞಾನಕ್ಕಾಗಿ. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಒತ್ತಿದ ಇಟ್ಟಿಗೆಯನ್ನು ಆ ಕ್ಷಣವೇ ಗೋಡೆಗೆ ಇಡುವುದಿಲ್ಲ. ಅದಕ್ಕೆ ನೀರುಣಿಸುತ್ತ ವಾರಗಟ್ಟಲೆ ನೆರಳಿನಲ್ಲಿ ಇಡಬೇಕು. ನಮ್ಮ ಕೋಣೆಯ ತಾರಸಿಗೆ ಹಾಕಿದ ಕಾಂಕ್ರೀಟಿನ ಕ್ಯೂಬನ್ನೂ ಎಂಜಿನಿಯರ್ ಒತ್ತಿ ನೋಡಿದ್ದು 28 ದಿನ ಬಿಟ್ಟು. ಮೊದಲ ದಿನವೇ ಪರೀಕ್ಷೆ ಮಾಡಿದರೆ ಯಾವ ಕಾಂಕ್ರೀಟೂ ಪಾಸಾಗದು.

ಈ ಕೋಣೆ ಯಾರಿಗಾಗಿ ಎದ್ದಿತೋ ಆ ನಮ್ಮ ಅಜ್ಜಿಗೆ ಚಿರೆಕಲ್ಲಿನ ಭಾರ ಲೆಕ್ಕದಿಂದ ತಿಳಿಯಬೇಕಾಗಿಲ್ಲ. ಒಂದು ಕಲ್ಲು ಹೆಚ್ಚುಕಡಿಮೆ 30 ಕಿಲೋ. ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ತಲೆಗೆ ಸಿಂಬೆ ಇಟ್ಟು ಕ್ವಾರಿಯಿಂದ ಕಲ್ಲು ಹೊತ್ತವರು. ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ. ಸ್ನಾಯುಗಳು ಎಳೆಯುವ ಬಲವೂ ಸೇರುವುದರಿಂದ ಅದು ಅಷ್ಟು ಹೆಚ್ಚು. 50 ಕಿಲೋ ತೂಗುವ ಹೆಂಗಸು 30 ಕಿಲೋ ಹೊತ್ತರೆ ಒಂದು ಮಂಡಿಗೆ 200 ಕಿಲೋ ಭಾರ. ಕ್ವಾರಿಯ ಏರು ಇಳಿತದಲ್ಲಿ ಇನ್ನೂ ಹೆಚ್ಚು. ಎಕ್ಸ್‌ರೇಯಲ್ಲಿ ಅಜ್ಜಿಯ ಎರಡು ಮೂಳೆಗಳ ನಡುವಿನ ಸಂದಿ ತೆಳುವಾಗಿತ್ತು. ಡಾಕ್ಟರು ಅದನ್ನು ತೋರಿಸಿ, ವರ್ಷಗಟ್ಟಲೆಯ ಕಂಪ್ರೆಶನ್ ಎಂದರು. ಅಲ್ಲಿರಬೇಕಾದ ಮೃದ್ವಸ್ಥಿ ಸವೆದಿದೆ.

ಮನೆಗೆ ಬಂದ ನೆಂಟರೆಲ್ಲ ಒಂದೇ ಮಾತು: ಇನ್ನು ಕೂತಲ್ಲೇ ಇರಿ, ಎಲ್ಲ ಕೈಗೆ ತಂದು ಕೊಡುತ್ತಾರೆ. ಅಜ್ಜಿಗೆ ಅದು ಹಿಡಿಸಲಿಲ್ಲ. "ನಾ ಕೂತ್ರೆ ಕೂತಲ್ಲೇ ಕಲ್ಲಾಗ್ತೆ" ಎಂದರು. ನಾಲ್ಕು ವಾರ ಕುರ್ಚಿಯಲ್ಲಿ ಕೂತ ಮೇಲೆ ಅವರು ಬಾವಿಕಟ್ಟೆಯ ವರೆಗೆ ಹೋಗಲಿಕ್ಕೂ ನನ್ನ ಭುಜ ಹಿಡಿಯಬೇಕಾಯಿತು. ಪಕ್ಕದ ಮನೆಯ ಜಗಲಿಗೆ ಹೋಗಿ ಮಾತಾಡುವುದು ನಿಂತಿತು. ಮಾತು ನಿಂತ ಮೇಲೆ ಊಟವೂ ಕಡಿಮೆಯಾಯಿತು. ಮನೆಯಲ್ಲಿ ಎಲ್ಲರಿಗೂ ಹೆದರಿಕೆಯಾಗಲು ಶುರುವಾದದ್ದು ಆಗಲೇ.

ಎರಡನೆಯ ಸಲ ತೋರಿಸಲು ಹೋದಾಗ ಡಾಕ್ಟರು, ಭಾರ ಹೊರುವುದು ಬೇಡ, ಆದರೆ ನಡೆಯುವುದನ್ನು ಬಿಡಬೇಡಿ ಎಂದು ಒತ್ತಿ ಹೇಳಿದರು. ತೊಡೆಯ ಸ್ನಾಯುವಿಗೆ ಎರಡು ವ್ಯಾಯಾಮ ಕಲಿಸಿಕೊಟ್ಟರು. ಸವೆದ ಮಂಡಿಯನ್ನು ಮತ್ತೆ ನಡೆಸಿದರೆ ಇನ್ನಷ್ಟು ಸವೆಯದೇ ಎಂಬುದು ಅಪ್ಪನ ಪ್ರಶ್ನೆ. ನನ್ನದೂ ಅದೇ. ನಾನು ನಮ್ಮ ಬಯಾಲಜಿ ಮೇಡಂ ಹತ್ತಿರ ಹೋದೆ. ಅವರು ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಬಾಯಿಪಾಠ.

ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಅದರ ಹೆಚ್ಚಿನ ಪಾಲು ನೀರು. ನಡುನಡುವೆ ಕಾಂಡ್ರೋಸೈಟ್ ಎಂಬ ಜೀವಕೋಶಗಳು ಒಂಟಿ ಮನೆಗಳ ಹಾಗೆ ದೂರ ದೂರ ಇರುತ್ತವೆ. ಮೃದ್ವಸ್ಥಿಯನ್ನು ಕಟ್ಟುವುದೂ ದುರಸ್ತಿ ಮಾಡುವುದೂ ಅವುಗಳೇ. ರಕ್ತ ಬಾರದ ಕಡೆ ಅವುಗಳಿಗೆ ಆಹಾರ ಬರುವುದು ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಊರಿದಾಗ ಮೃದ್ವಸ್ಥಿ ಒತ್ತಿಕೊಂಡು ಒಳಗಿನ ನೀರು ಸ್ವಲ್ಪ ಹೊರಗೆ ಬರುತ್ತದೆ, ಹೆಜ್ಜೆ ಎತ್ತಿದಾಗ ಸ್ಪಂಜಿನ ಹಾಗೆ ಹೊಸ ದ್ರವವನ್ನು ಹೀರಿಕೊಳ್ಳುತ್ತದೆ. ಅಮೆರಿಕದ ಎಂಐಟಿಯ ಗ್ರಾಡ್ಜಿನ್ಸ್ಕಿ ಮತ್ತು ಅವರ ಜೊತೆಯವರು ಕರುವಿನ ಕೀಲಿನ ಮೃದ್ವಸ್ಥಿಯ ತುಣುಕುಗಳನ್ನು ಪ್ರಯೋಗಾಲಯದಲ್ಲಿ ಜೀವಂತ ಇಟ್ಟು ಇದನ್ನು ಪರೀಕ್ಷಿಸಿದರು. 1989ರಲ್ಲಿ ಪ್ರಕಟವಾದ ಅವರ ಪ್ರಬಂಧದ ಸಾರ ಇಷ್ಟು: ಬಿಡದೆ ಒತ್ತಿ ಹಿಡಿದರೆ ಜೀವಕೋಶಗಳು ಹೊಸ ವಸ್ತು ಕಟ್ಟುವ ಕೆಲಸ ತಗ್ಗಿಸುತ್ತವೆ, ನಡಿಗೆಯಂಥ ಲಯದಲ್ಲಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಆ ಕೆಲಸ ಹೆಚ್ಚುತ್ತದೆ. ಒತ್ತಡವೇ ಇಲ್ಲದೆ ಕಾಲನ್ನು ತಿಂಗಳುಗಟ್ಟಲೆ ಆಡಿಸದೆ ಇಟ್ಟರೂ ಮೃದ್ವಸ್ಥಿ ತೆಳುವಾಗುತ್ತದೆ. ಕಲ್ಲು ಹೊತ್ತ ವರ್ಷಗಳೂ ಅಜ್ಜಿಯ ಮಂಡಿಗೆ ಒಳ್ಳೆಯದು ಮಾಡಲಿಲ್ಲ, ಕುರ್ಚಿಯ ವಾರಗಳೂ ಮಾಡಲಿಲ್ಲ.

ಜೀವಕೋಶ ಒತ್ತಡವನ್ನು ಒಳಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಅಧ್ಯಯನ ಮಾಡಿದವರಲ್ಲಿ ಜಿ.ವಿ. ಶಿವಶಂಕರ್ ಒಬ್ಬರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡಿ, ಆಮೇಲೆ ಸಿಂಗಪುರದ ಮೆಕ್ಯಾನೊಬಯಾಲಜಿ ಸಂಸ್ಥೆಗೆ ಹೋದವರು. ನಮ್ಮ ಒಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿ ಹಿಡಿದರೆ ಎರಡು ಮೀಟರ್ ಉದ್ದ. ಅದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಚಿಕ್ಕದಾದ ಕೋಶಕೇಂದ್ರದಲ್ಲಿ ಮಡಚಿಕೊಂಡು ಇರುತ್ತದೆ. ಶಿವಶಂಕರ್ ಅವರ ತಂಡ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳ ಮೇಲೆ ಸಣ್ಣ ಭಾರ ಇಟ್ಟು ನೋಡಿತು. ಭಾರದ ಕೆಳಗೆ ಕೋಶಕೇಂದ್ರ ಕುಗ್ಗಿ, ಡಿಎನ್‌ಎ ಇನ್ನೂ ಬಿಗಿಯಾಗಿ ಮಡಚಿಕೊಂಡಿತು. ಮಡಚಿಟ್ಟ ಪುಸ್ತಕವನ್ನು ಓದಲು ಹೇಗೆ ಆಗದೋ ಹಾಗೆ, ಬಿಗಿಯಾದ ಡಿಎನ್‌ಎಯ ವಂಶವಾಹಿಗಳ ಕೆಲಸ ತಗ್ಗಿತು. ಭಾರ ತೆಗೆದ ಮೇಲೆ ಡಿಎನ್‌ಎ ಸಡಿಲಗೊಂಡು ಜೀವಕೋಶ ಮೊದಲಿನ ಸ್ಥಿತಿಗೆ ಬಂತು. ಈ ಪ್ರಬಂಧ ಬಂದದ್ದು 2018ರಲ್ಲಿ. ಒತ್ತಿದಾಗ ಜೀವಕೋಶ ಸಾಯಲಿಲ್ಲ, ಸುಮ್ಮನಾಯಿತು. ಬಿಟ್ಟಾಗ ಮತ್ತೆ ಕೆಲಸಕ್ಕೆ ಬಂತು.

ನಮ್ಮ ಕೆಂಪು ರಕ್ತಕಣಗಳಂತೂ ದಿನವಿಡೀ ಇದನ್ನೇ ಮಾಡುತ್ತವೆ. ತಮಗಿಂತ ಕಿರಿದಾದ ಲೋಮನಾಳಗಳಲ್ಲಿ ಮಡಚಿಕೊಂಡು ನುಸುಳಿ, ಆಚೆ ಹೋಗಿ ಮತ್ತೆ ಬಿಲ್ಲೆಯ ಆಕಾರಕ್ಕೆ ಬರುತ್ತವೆ. ಸುಮಾರು 120 ದಿನ ಹೀಗೆ ಬಾಳಿ, ಮುದಿಯಾಗಿ ಬಿರುಸಾದವುಗಳನ್ನು ಗುಲ್ಮ ತನ್ನ ಸಣ್ಣ ಸಂದಿಗಳಲ್ಲಿ ತಡೆದು ಹಿಡಿಯುತ್ತದೆ. ರಕ್ತಕಣ ಆರೋಗ್ಯವಾಗಿದೆಯೇ ಎಂದು ನೋಡಲು ದೇಹಕ್ಕೆ ಇರುವ ಪರೀಕ್ಷೆ ಅದು: ಒತ್ತಿದ ಮೇಲೆ ಮೊದಲಿನ ಆಕಾರಕ್ಕೆ ಬರುತ್ತದೆಯೇ ಇಲ್ಲವೇ.

ನಾವು ಮಾಡಲ್ಪಟ್ಟಿರುವುದು ಇಂಥ ಜೀವಕೋಶಗಳಿಂದ. ಅದಕ್ಕೇ ವಜ್ರದ ಮಾತು ನನಗೆ ಈಗ ಒಪ್ಪಿಗೆಯಾಗುವುದಿಲ್ಲ. ವಜ್ರಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ, ಆಳದಲ್ಲಿ ಕೋಟಿಗಟ್ಟಲೆ ವರ್ಷ ಕೂತರೂ ಅದಕ್ಕೆ ಏನೂ ಆಗುವುದಿಲ್ಲ. ಒತ್ತಡ ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಇರಲಿ, ಟೆಸ್ಟ್ ಇರಲಿ. ಅದಿಲ್ಲದಿದ್ದರೆ ನಾನಂತೂ ಪುಸ್ತಕ ತೆರೆಯುವವಳಲ್ಲ. ಒತ್ತಿ ಹಿಡಿದ ಕೈ ಯಾವಾಗ ಬಿಡುತ್ತದೆ ಎಂಬುದೂ ಒತ್ತಡದಷ್ಟೇ ಮುಖ್ಯ ಎನ್ನುವುದು ನನ್ನ ಮಾತು.

ನಮ್ಮ ತರಗತಿಯ ಒಬ್ಬ ಗೆಳತಿ ಅರ್ಧವಾರ್ಷಿಕ ಪರೀಕ್ಷೆಯ ಮೊದಲು ಎರಡು ವಾರ ಬರಲಿಲ್ಲ. ಪ್ರಥಮ ಪಿಯುಸಿಯಲ್ಲಿ ಗಣಿತದ ಲೆಕ್ಕವನ್ನು ನಮಗೆಲ್ಲ ಬಿಡಿಸಿ ಕೊಡುತ್ತಿದ್ದವಳು. ನೋಡಲು ಹೋದಾಗ ಅವಳು ಹೇಳಿದ್ದು ಇಷ್ಟೇ: "ಓದಿದ್ದು ಒಳಗೆ ಹೋಗೂದೇ ಇಲ್ಲ ಮಾರಾಯ್ತಿ. ಪುಸ್ತಕ ನೋಡ್ತೆ, ಅಕ್ಷರ ಕಾಣ್ತದೆ, ಮತ್ತೆಂತದೂ ಇಲ್ಲ." ಬೆಳಗ್ಗೆ ಐದಕ್ಕೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಕೋಚಿಂಗ್, ರಾತ್ರಿ ಮನೆಯಲ್ಲಿ ಮಾಕ್ ಟೆಸ್ಟ್. ಭಾನುವಾರವೂ ಅಷ್ಟೇ. ಶಿವಶಂಕರ್ ಅವರ ಪ್ರಯೋಗದ ಜೀವಕೋಶ ನನಗೆ ನೆನಪಾಯಿತು. ಮನುಷ್ಯರ ಮನಸ್ಸು ಒಂದು ಫೈಬ್ರೊಬ್ಲಾಸ್ಟ್ ಅಲ್ಲ ಎಂಬುದು ನನಗೂ ಗೊತ್ತು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಅವಳ ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ, ಸುಮ್ಮನಾಗಿತ್ತು ಎಂದೇ ನಾನು ನಂಬಿದೆ. ಅವಳ ಮನೆಯವರು ಬೆಳಗಿನ ಟ್ಯೂಷನ್ ಬಿಡಿಸಿದರು, ಭಾನುವಾರ ಪುಸ್ತಕ ಮುಟ್ಟಬೇಡ ಎಂದರು. ಈಗ ಅವಳು ತರಗತಿಯಲ್ಲಿ ಇದ್ದಾಳೆ. ಮೊನ್ನೆ ಇಂಟಿಗ್ರೇಶನ್‌ನ ಒಂದು ಲೆಕ್ಕವನ್ನು ಸರ್ ಬೋರ್ಡಿನಲ್ಲಿ ಮುಗಿಸುವ ಮೊದಲೇ ಉತ್ತರ ಹೇಳಿದಳು.

ಅದಕ್ಕಾಗಿ ಈ ಬರಹದಲ್ಲಿ ನನ್ನದೊಂದು ಕೋರಿಕೆ ಇದೆ, ಉಪನ್ಯಾಸಕರು ದಯವಿಟ್ಟು ಬೇಸರ ಮಾಡಿಕೊಳ್ಳಬಾರದು. ವೇಳಾಪಟ್ಟಿಯಲ್ಲಿ ಶನಿವಾರದ ಕೊನೆಯ ಅವಧಿ ಆಟದ್ದು. ಸಿಲೆಬಸ್ ಮುಗಿಯಲಿಲ್ಲ ಎಂದು ಆ ಅವಧಿ ಫಿಸಿಕ್ಸಿಗೆ ಹೋಗುತ್ತದೆ, ಕೆಮಿಸ್ಟ್ರಿಗೆ ಹೋಗುತ್ತದೆ. ಸಿಲೆಬಸ್ಸಿನ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೂ ಆ 45 ನಿಮಿಷವನ್ನು ನಮಗೆ ಬಿಟ್ಟುಕೊಡಿ. ಹುಡುಗರು ಕ್ರಿಕೆಟ್ ಆಡಲಿ, ನಾವು ಥ್ರೋಬಾಲ್ ಆಡುತ್ತೇವೆ, ಆಡಲು ಮನಸ್ಸಿಲ್ಲದವರು ಮರದ ಕೆಳಗೆ ಕೂತು ಹರಟಲಿ. ಅಜ್ಜನ ಇಂಜಿನ್ನಿನ ಮೇಲೆ ಲಿವರ್ ಇಟ್ಟವರು ಅದನ್ನು ಸುಮ್ಮನೆ ಇಟ್ಟದ್ದಲ್ಲ. ಸಹಪಾಠಿಗಳಲ್ಲಿಯೂ ಒಂದು ಮಾತು: ಪಕ್ಕದವಳು ಹದಿನೇಳು ಪಟ್ಟು ತಡೆಯುತ್ತಾಳೆಂದು ನೀವೂ ತಡೆಯಬೇಕಿಲ್ಲ. ತಡೆಯಲಾಗದಷ್ಟು ಆದರೆ ಮನೆಯಲ್ಲಿ ಹೇಳಿ, ನಮ್ಮ ಉಪನ್ಯಾಸಕರ ಹತ್ತಿರ ಹೇಳಿ, ಗೆಳೆಯರ ಹತ್ತಿರವಾದರೂ ಹೇಳಿ. ಇಂಜಿನ್ ಬಡಿಯಲು ಶುರುವಾದಾಗ ಮೆಕ್ಯಾನಿಕ್ ಹತ್ತಿರ ಒಯ್ಯುತ್ತೇವೆ, ಅದಕ್ಕೆ ನಾಚಿಕೆಪಡುವವರು ಯಾರೂ ಇಲ್ಲ.

ಅಜ್ಜಿ ಈಗ ದಿನಕ್ಕೆ ಎರಡು ಸಲ ನಡೆಯುತ್ತಾರೆ. ಮೊದಲ ವಾರ ನಮ್ಮ ಅಂಗಳದಿಂದ ಒಂದು ಲೈಟ್ ಕಂಬದ ವರೆಗೆ, ಈಗ ನಾಲ್ಕು ಕಂಬ. ಸವೆದ ಮೃದ್ವಸ್ಥಿ ಹೊಸದಾಗಿ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ, ನೋವು ಪೂರ್ತಿ ಹೋಗಿಲ್ಲ. ಆದರೆ ನಾಲ್ಕನೆಯ ಕಂಬದ ಹತ್ತಿರ ಪರಿಚಯದವರ ಮನೆಯಿದೆ, ಆ ಜಗಲಿಯಲ್ಲಿ ಅರ್ಧ ಗಂಟೆ ಮಾತು, ಒಂದು ಕವಳ. ಮಾತು ಮುಗಿಸಿ ತಿರುಗಿ ಬರುವಾಗ ನಾನು ಭುಜ ಕೊಡಲು ಹೋದರೆ, ದೂರ ನಿಲ್ಲು ಎಂದು ಕೈ ಬೀಸುತ್ತಾರೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ